ನಗು ತೆಗೆಯುವ ಕೆಲಸ

ನನ್ನ ಅಪ್ಪನಿಗೆ ಮೈಸೂರಿನಲ್ಲಿ ಒಂದು ಫೋಟೋ ಸ್ಟುಡಿಯೋ ಇತ್ತು. ಮದುವೆ, ನಾಮಕರಣಗಳ ಫೋಟೋ ಎಲ್ಲರೂ ತೆಗೆಯುತ್ತಿದ್ದರು. ಅಪ್ಪ ಹೆಸರು ಮಾಡಿದ್ದು ಸತ್ತವರ ಕಣ್ಣು ಬಿಡಿಸುವುದರಲ್ಲಿ. ಆಗೆಲ್ಲ ಎಷ್ಟೋ ಜನ ಬದುಕಿರುವಷ್ಟು ಕಾಲ ಕ್ಯಾಮೆರಾದ ಮುಂದೆ ಕೂತವರೇ ಅಲ್ಲ. ಪ್ರಾಣ ಹೋದ ಮೇಲೆ ಮನೆಯವರಿಗೆ ನೆನಪಾಗುತ್ತಿತ್ತು, ಗೋಡೆಗೆ ಹಾಕಲು ಒಂದು ಪಟವಿಲ್ಲವಲ್ಲ ಎಂದು. ಅಪ್ಪನಿಗೆ ಹೇಳಿಕಳಿಸುತ್ತಿದ್ದರು. ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ವಾಲದಂತೆ ಹಿಂದಿನಿಂದ ಪಂಚೆ ಬಿಗಿದು, ಫೋಟೋ ತೆಗೆದುಕೊಂಡು ಬಂದು ಅಪ್ಪ ಆ ಮುಚ್ಚಿದ ರೆಪ್ಪೆಗಳ ಮೇಲೆ ಕಣ್ಣು ಬರೆಯುತ್ತಿದ್ದರು. ಎಲ್ಲ ಮುಗಿದ ಮೇಲೆ ಕೈ ತೊಳೆದು ಬಂದು, ದೇವರ ಪಟದ ಕಡೆ ಒಮ್ಮೆ ನೋಡಿ, ಎರಡು ಪಾಪೆಗಳ ಮೇಲೂ ಬಿಳಿಯ ಚುಕ್ಕೆ ಇಡುತ್ತಿದ್ದರು. ಚುಕ್ಕೆ ಬಿದ್ದದ್ದೇ ತಡ, ಸತ್ತ ಮನುಷ್ಯ ನಮ್ಮನ್ನು ನೋಡತೊಡಗುತ್ತಿದ್ದ.

"ಇದು ಸುಳ್ಳಲ್ವೇನಪ್ಪ?" ಎಂದು ಒಮ್ಮೆ ಕೇಳಿದ್ದೆ.

"ಮನೆಯೋರೇ ಕೇಳಿ ಮಾಡಿಸ್ಕೊಳ್ಳೋದು ಸುಳ್ಳು ಹೇಗಾಗತ್ತೇ? ಅದು ಉಪಚಾರ" ಎಂದಿದ್ದರು.

ಆ ಉಪಚಾರವನ್ನು ಅಪ್ಪ ನನಗೂ ಕಲಿಸಿದರು. ಮದುವೆಯಾಗಿ ಅಮೆರಿಕಕ್ಕೆ ಬಂದಾಗ ನನ್ನ ಬಳಿ ಇದ್ದ ವಿದ್ಯೆ ಅದೊಂದೇ. ಎಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನನ್ನ ಗಂಡ ಓಕ್ಲ್ಯಾಂಡಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿದ್ದರು, ನಾನು ಬಸ್ ಸ್ಟಾಪಿನ ಎದುರಿನ ಫೋಟೋ ಅಂಗಡಿಯ ಹಿಂಬದಿಯಲ್ಲಿ ರೀಟಚಿಂಗ್ ಮೇಜಿನ ಮುಂದಿದ್ದೆ. ಹಳೆಯ ಫೋಟೋಗಳ ಬಿರುಕು ಮುಚ್ಚುವುದು, ಕಲೆ ತೆಗೆಯುವುದು, ಹರಿದ ಕಿವಿ ಅಂಟಿಸುವುದು. ಅಂಗಡಿಯಲ್ಲಿ ನಮ್ಮ ಕಡೆಯವಳೊಬ್ಬಳಿದ್ದಾಳೆಂದು ಗೊತ್ತಾದ ಮೇಲೆ ಶನಿವಾರಗಳಂದು ಕನ್ನಡದವರು ಫ್ರೀವೇ ಹಿಡಿದು ಬರತೊಡಗಿದರು. ಒಟ್ಟಿಗೆ ಎಂದೂ ಫೋಟೋ ತೆಗೆಸಿಕೊಳ್ಳದ ಅಜ್ಜ ಅಜ್ಜಿಯನ್ನು ಒಂದೇ ಬೆಂಚಿನ ಮೇಲೆ ಕೂರಿಸಬೇಕು. ಅತ್ತೆಯ ಹಣೆಗೆ ಕುಂಕುಮ ಇಡಬೇಕು. ಒಬ್ಬರು ಬನಿಯನ್ನಿನಲ್ಲಿದ್ದ ಮಾವನವರಿಗೆ ಕೋಟು ತೊಡಿಸಿ ಎಂದರು. ತೊಡಿಸಿದೆ. ಟೈ ಕೂಡ ಕಟ್ಟಿದೆ, ಅದು ನನ್ನ ಕಡೆಯಿಂದ. ನಾವೇನು ಕಡಿಮೆಯೇ? ಪಕ್ಕದ ಅಪಾರ್ಟ್‌ಮೆಂಟಿನವರ ಕಾರಿಗೆ ಒರಗಿ ನಿಂತು ಫೋಟೋ ತೆಗೆಸಿಕೊಂಡು ಮೈಸೂರಿಗೆ ಕಳಿಸಿದವರೇ. ಅಮ್ಮ ಅದನ್ನು ಬೀದಿಗೆಲ್ಲ ತೋರಿಸಿ ಬಂದಿದ್ದಳಂತೆ.

ಆ ಮುದುಕಿ ಬಂದದ್ದು ಒಂದು ವಾರದ ದಿನ, ಮಧ್ಯಾಹ್ನ. ಮುದುಕಿ ಎಂದೆ, ಅಷ್ಟೇನೂ ವಯಸ್ಸಾಗಿರಲಿಲ್ಲ, ಅರವತ್ತರ ಆಸುಪಾಸು. ಆದರೆ ಕೂರುವಾಗ ಕುರ್ಚಿಯನ್ನು ಕೈಯಿಂದ ಮುಟ್ಟಿ ನೋಡಿ ಕೂರುವ ರೀತಿಯಲ್ಲಿ ಬಹಳ ಮುದುಕಿಯಾಗಿದ್ದರು. ಹತ್ತಿರದಲ್ಲೇ ಒಬ್ಬರೇ ವಾಸ, ಹೊಲಿಗೆ ಕೆಲಸ ಮಾಡಿ ನಿವೃತ್ತರಾದವರು. ಅವರ ಇಂಗ್ಲಿಷಿಗೆ ಬೇರೆ ಯಾವುದೋ ದೇಶದ ಗಡಸು ಇತ್ತು, ನನ್ನ ಇಂಗ್ಲಿಷಿಗೆ ಮೈಸೂರಿನ ಎಳೆತ. ಆದರೂ ನಮಗೆ ಪರಸ್ಪರ ಅರ್ಥವಾಗದ್ದು ಏನೂ ಇರಲಿಲ್ಲ.

ಎರಡು ರಟ್ಟುಗಳ ನಡುವಿನಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಎಂಟೊಂಬತ್ತು ವರ್ಷದ ಹುಡುಗಿ. ಕೂದಲಿಗೆ ಬಿಳಿ ರಿಬ್ಬನ್ನು. ಕೈಯಲ್ಲಿ ಕಚ್ಚಿದ ಬ್ರೆಡ್ಡು. ಬಾಯಿ ತುಂಬ ನಗು, ಮುಂದಿನ ಒಂದು ಹಲ್ಲು ಬಿದ್ದಿದೆ. ಸಿನಿಮಾ ರೀಲಿನ ಒಂದು ಚೌಕದಿಂದ ಮಾಡಿದ ಪ್ರಿಂಟು, ಹಾಗಾಗಿ ಮುಖವೆಲ್ಲ ರವೆರವೆಯಾಗಿತ್ತು.

"ನನ್ನ ತಂಗಿ" ಎಂದರು. "ಈ ನಗು ತೆಗೆಯಬೇಕು."

ನನಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಕೇಳಿದೆ. ನಗು ಸೇರಿಸಿ ಎಂದವರು ಬೇಕಾದಷ್ಟು ಜನ. ತೆಗೆಯಿರಿ ಎಂದವರನ್ನು ಅದೇ ಮೊದಲು ನೋಡಿದ್ದು.

"ತೆಗೆಯಬೇಕು" ಎಂದರು ಮತ್ತೆ. "ನನ್ನ ಹತ್ತಿರ ಅವಳದು ಇದೊಂದೇ ಫೋಟೋ. ಇದನ್ನು ತೆಗೆದವರು ಅವಳನ್ನು ಕೊಂದವರು. ಈ ನಗು ಸುಳ್ಳು. ಗೋಡೆಗೆ ಹಾಕಬೇಕು ಅಂತ ಆಸೆ. ಹೀಗೇ ಹೇಗೆ ಹಾಕಲಿ?"

ಅವರು ಯಹೂದಿ. ಯುದ್ಧದಲ್ಲಿ ಯಹೂದಿಗಳಿಗೆ ಏನಾಯಿತೆಂಬುದು ನನಗೆ ಗೊತ್ತಿದ್ದದ್ದು ಸ್ಕೂಲಿನ ಪುಸ್ತಕದ ಒಂದು ಪ್ಯಾರಾದಷ್ಟು. ಅದಕ್ಕಿಂತ ನಾಚಿಕೆಯ ಮಾತೆಂದರೆ, ಸಿಡುಕಿನ ಹೆಡ್ಮಾಸ್ಟರೊಬ್ಬರಿಗೆ ಜರ್ಮನಿಯ ಆ ಸರ್ವಾಧಿಕಾರಿಯ ಹೆಸರಿಟ್ಟು ಇಡೀ ಮೈಸೂರಿನ ಮಕ್ಕಳು ನಗುತ್ತಿದ್ದೆವು. ನಮ್ಮ ಕಡೆ ಆ ಹೆಸರು ಅಷ್ಟು ಹಗುರ. ಆ ಮಧ್ಯಾಹ್ನವೂ ಮುಂದಿನ ಹಲವು ಮಧ್ಯಾಹ್ನಗಳೂ ಅವರು ನನ್ನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳಿದ್ದನ್ನು ಕೇಳಿದ ಮೇಲೆ ಆ ಹೆಸರನ್ನು ನಾನು ತಮಾಷೆಗೂ ಆಡಿಲ್ಲ.

ಪ್ರಾಗ್ ನಗರದಿಂದ ಸ್ವಲ್ಪ ದೂರದ ಒಂದು ಕೋಟೆಯ ಊರು. ಜರ್ಮನರು ಅಲ್ಲಿದ್ದವರನ್ನು ಖಾಲಿ ಮಾಡಿಸಿ ಯಹೂದಿಗಳನ್ನು ತುಂಬಿದ್ದರು. ಒಂದೊಂದು ಕೋಣೆಯಲ್ಲಿ ಮಗ್ಗುಲು ಬದಲಿಸಲೂ ಜಾಗವಿಲ್ಲ, ಹೇನು, ಹಸಿವು, ದಿನಾ ಬೆಳಗ್ಗೆ ಹೆಣದ ಗಾಡಿ. ಅಲ್ಲಿಂದ ಆಗಾಗ ಪೂರ್ವದ ಕಡೆಗೆ ರೈಲು ಹೋಗುತ್ತಿತ್ತು. ಕೆಲಸಕ್ಕೆ ಕಳಿಸುತ್ತಿದ್ದೇವೆ ಎನ್ನುತ್ತಿದ್ದರಂತೆ. ಹೋದ ಕೆಲವರಿಂದ, ಚೆನ್ನಾಗಿದ್ದೇವೆ ಎಂದು ಕಾರ್ಡೂ ಬರುತ್ತಿತ್ತು. ಬರೆಸಿಕೊಂಡು ಆಮೇಲೆ ಕೊಲ್ಲುತ್ತಿದ್ದರು. ಕಾರ್ಡು ಕೈಗೆ ಸಿಗುವ ಹೊತ್ತಿಗೆ ಬರೆದವರು ಇರುತ್ತಿರಲಿಲ್ಲ. ಇವರ ಅಮ್ಮನಿಂದಲೂ ಒಂದು ಬಂದಿತ್ತು. ಅಕ್ಕತಂಗಿಯರು ಅದನ್ನು ದಿಂಬಿನ ಕೆಳಗಿಟ್ಟುಕೊಂಡು ನೆಮ್ಮದಿಯಾಗಿ ಮಲಗುತ್ತಿದ್ದರಂತೆ.

ಆಮೇಲೆ ಹೊರದೇಶದ ಪರಿಶೀಲಕರು ಬರುತ್ತಾರೆಂದು ಸುದ್ದಿಯಾಯಿತು. ಯಹೂದಿಗಳನ್ನು ಕೊಲ್ಲುತ್ತಿದ್ದಾರೆಂದು ಹೊರಗೆ ಗುಸುಗುಸು ಎದ್ದಿತ್ತು, ಅದು ನಿಜವೋ ಸುಳ್ಳೋ ನೋಡಲು. ಕೂಡಲೇ ಊರಿಗೆ ಮದುವೆ ಮನೆಯ ಕಳೆ ಬಂತು. ಪರಿಶೀಲಕರು ನಡೆಯುವ ದಾರಿ ಮೊದಲೇ ಗೊತ್ತು ಮಾಡಿ, ಆ ದಾರಿಗೆ ಕಾಣುವ ಗೋಡೆಗಳಿಗೆ ಮಾತ್ರ ಬಣ್ಣ ಬಳಿದರು. ನೆಲಮಹಡಿಯ ಕೋಣೆಗಳಿಗೆ ಪರದೆ, ಹೂದಾನಿ. ಅದೇ ಮನೆಗಳ ಮೇಲಿನ ಮಹಡಿಗಳಲ್ಲಿ ಜನ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಚೌಕದಲ್ಲಿ ಹುಲ್ಲು, ಗುಲಾಬಿ, ವಾದ್ಯದವರಿಗೊಂದು ಮಂಟಪ. ಆಗ ಹದಿನೇಳರ ಹುಡುಗಿಯಾಗಿದ್ದ ಇವರು ಮೊಣಕಾಲೂರಿ ಕಲ್ಲುಹಾಸನ್ನು ಬ್ರಷ್ಷಿನಿಂದ ಉಜ್ಜಿದರು. ಬೀದಿಯಲ್ಲಿ ನೂಕುನುಗ್ಗಲು ಕಂಡರೆ ಚೆನ್ನಾಗಿರುವುದಿಲ್ಲವಲ್ಲ, ಅದಕ್ಕೆ ಮುದುಕರನ್ನೂ ಕಾಯಿಲೆಯವರನ್ನೂ ಮೊದಲೇ ರೈಲಿಗೆ ಹತ್ತಿಸಿಬಿಟ್ಟರು. ಊರು ಚೆಂದ ಕಾಣಲೆಂದು ಜನರನ್ನು ಸಾಯಲು ಕಳಿಸಿದರು. ಇದನ್ನು ಹೇಳುವಾಗ ಅವರ ದನಿ ಏರಲಿಲ್ಲ. ನನಗೇ ಮೈಯೆಲ್ಲ ಉರಿಯಿತು.

ಮಕ್ಕಳಿಗೆ ಪಾಠ ಹೇಳಿಕೊಟ್ಟಿದ್ದರು. ಅಧಿಕಾರಿ ಬಂದು ಮೀನಿನ ಡಬ್ಬಿ ಹಂಚುವಾಗ, ಬೇಸರದ ಮುಖ ಮಾಡಿ, "ಇವತ್ತೂ ಮೀನೇನಾ ಮಾಮಾ?" ಎನ್ನಬೇಕು. ತಿಂಗಳುಗಟ್ಟಲೆ ಮೀನಿನ ಮುಖ ಕಾಣದ ಮಕ್ಕಳು ಅದನ್ನು ತಪ್ಪಿಲ್ಲದೆ ಹೇಳಿದವು. ತಂಗಿ ಎಲ್ಲರಿಗಿಂತ ಚೆನ್ನಾಗಿ ಹೇಳಿದಳಂತೆ.

"ಬಂದವರು ಏನೂ ಕೇಳಲಿಲ್ಲವೇ?" ಎಂದೆ.

"ಮೆಟ್ಟಿಲು ಹತ್ತಲಿಲ್ಲ" ಎಂದರು. "ಒಬ್ಬನೇ ಒಬ್ಬ ಮಹಡಿ ಹತ್ತಿ ನೋಡಬೇಕು ಅಂದಿದ್ದರೆ ಸಾಕಿತ್ತು. ಒಳ್ಳೆಯ ಮನುಷ್ಯರು, ಒಳ್ಳೆಯ ಬಟ್ಟೆ ಹಾಕಿಕೊಂಡಿದ್ದರು. ತೋರಿಸಿದ್ದನ್ನು ನೋಡಿ ಸಂತೋಷಪಟ್ಟು ಹೋದರು."

ಬಣ್ಣ ಇನ್ನೂ ಹೊಸದಾಗಿರುವಾಗಲೇ ಸಿನಿಮಾ ತೆಗೆದರು. ಯಹೂದಿಗಳು ಎಷ್ಟು ಸುಖವಾಗಿದ್ದಾರೆಂದು ಲೋಕಕ್ಕೆ ತೋರಿಸಲು. ಸಿನಿಮಾ ಮುಗಿದ ಮೇಲೆ ಅದರಲ್ಲಿ ನಕ್ಕವರನ್ನು, ಕುಣಿದವರನ್ನು, ಗಿಡಕ್ಕೆ ನೀರು ಹಾಕಿದವರನ್ನು ರೈಲುಗಳಿಗೆ ತುಂಬಿದರು. ಆ ಶರತ್ಕಾಲದಲ್ಲಿ ತಂಗಿಯೂ ಹೋದಳು. ಇವರನ್ನು ಅಭ್ರಕ ಸೀಳುವ ಕೆಲಸಕ್ಕೆ ಹಾಕಿದ್ದರು, ನಮ್ಮಲ್ಲಿ ಕಾಗೆಬಂಗಾರ ಎನ್ನುತ್ತೇವಲ್ಲ, ಅದು ಯುದ್ಧಕ್ಕೆ ಬೇಕಿತ್ತು. ಹಾಗಾಗಿ ಇವರು ಉಳಿದರು.

ಮೊದಲು ಫೋಟೋವನ್ನು ದೊಡ್ಡದು ಮಾಡಿಕೊಂಡು ಬಾಯಿ ಮುಚ್ಚಿಸಿದೆ. ಅದೇನೂ ಕಷ್ಟವಲ್ಲ. ಹಲ್ಲಿನ ಬಿಳುಪಿನ ಮೇಲೆ ಬಣ್ಣ, ತುಟಿಯ ತುದಿಗಳನ್ನು ಬ್ಲೇಡಿನಿಂದ ಹೆರೆದು ಕೆಳಗಿಳಿಸುವುದು. ಅವರಿಗೆ ತೋರಿಸಿದೆ. ಇಬ್ಬರಿಗೂ ಒಟ್ಟಿಗೇ ಕಂಡಿತು: ಬಾಯಿ ಸುಮ್ಮನಾಗಿದೆ, ಹುಡುಗಿ ನಗುತ್ತಲೇ ಇದ್ದಾಳೆ. ನಗು ಕೆನ್ನೆಯಲ್ಲಿತ್ತು, ಕಣ್ಣಿನ ಕೆಳಗಿನ ಪುಟ್ಟ ಉಬ್ಬಿನಲ್ಲಿತ್ತು. ಈಗ ತುಂಟತನ ಬೇರೆ ಸೇರಿಕೊಂಡು, ಏನೋ ಕದ್ದು ತಿಂದು ಬಾಯಿ ಮುಚ್ಚಿಕೊಂಡವಳ ಹಾಗೆ ಕಾಣುತ್ತಿದ್ದಳು.

ಎರಡನೆಯ ಸಲ ಕೆನ್ನೆ ಇಳಿಸಿದೆ, ಕಣ್ಣಿನ ಕೆಳಗಿನ ಉಬ್ಬು ತೆಗೆದೆ, ಹುಬ್ಬನ್ನು ಕೂದಲೆಳೆಯಷ್ಟು ತಗ್ಗಿಸಿದೆ. ನಗು ಹೋಯಿತು. ಅವರು ನೋಡಿ, "ಈ ಮಗು ಯಾರು?" ಎಂದರು. ನಿಜಕ್ಕೂ ಗುರುತು ಸಿಗದವರ ಹಾಗೆ ಕೇಳಿದರು. ನನಗೆ ಕೆಲಸದ ಮೇಲೆ ಸಿಟ್ಟು ಬಂತು. ಅಪ್ಪ ಮುಚ್ಚಿದ ಕಣ್ಣಿನಿಂದ ಮನುಷ್ಯರನ್ನು ಎಬ್ಬಿಸುತ್ತಿದ್ದರು, ನನಗೆ ಒಂದು ಮಗುವಿನ ನಗು ಆರಿಸಲು ಆಗುತ್ತಿರಲಿಲ್ಲ.

ಒಂದು ಶನಿವಾರ ಅವರು ಸ್ಟೂಲಿನ ಮೇಲೆ ಕೂತಿದ್ದಾಗ ಬೆಂಗಳೂರಿನ ಇಂಜಿನಿಯರೊಬ್ಬರು ತಮ್ಮ ಫೋಟೋ ಒಯ್ಯಲು ಬಂದರು. ಬೇರೆ ಬೇರೆ ಫೋಟೋಗಳಲ್ಲಿದ್ದ ಅವರ ಅಪ್ಪ ಅಮ್ಮನನ್ನು ನಾನು ಒಂದೇ ಸೋಫಾದ ಮೇಲೆ ಕೂರಿಸಿಕೊಟ್ಟಿದ್ದೆ. ಓದಿಕೊಂಡವರು, ಸೌಮ್ಯ ಸ್ವಭಾವದವರು, ಬಂದಾಗಲೆಲ್ಲ ಮನೆಯಲ್ಲಿ ಮಾಡಿದ ಚಕ್ಕುಲಿ ತರುತ್ತಿದ್ದರು. ಮೇಜಿನ ಮೇಲಿದ್ದ ಹುಡುಗಿಯ ಮೂಲ ಫೋಟೋ ನೋಡಿದರು.

"ಯಾರ್ ಮಗೂನೋ, ತುಂಬಾ ಕ್ಯೂಟಾಗಿದೆ ಅಲ್ವಾ ಮೇಡಂ?"

ಯಹೂದಿಗಳನ್ನು ಇಟ್ಟಿದ್ದ ಕ್ಯಾಂಪಿನಲ್ಲಿ ತೆಗೆದದ್ದು ಎಂದೆ.

"ಕ್ಯಾಂಪಲ್ಲಾ?" ಅವರಿಗೆ ಆಶ್ಚರ್ಯವಾಯಿತು. ಬಗ್ಗಿ ಇನ್ನೊಮ್ಮೆ ನೋಡಿದರು. "ಚೆನ್ನಾಗೇ ಇದಾಳಲ್ಲ ಮೇಡಂ! ಬ್ರೆಡ್ಡು, ರಿಬ್ಬನ್ನು... ನಾವೇನೋ ತುಂಬಾ ಹಾರಿಬಲ್ ಅಂತ ಓದಿದ್ವಿ. ಸ್ವಲ್ಪ ಎಕ್ಸಾಜರೇಟ್ ಮಾಡಿರ್ತಾರೆ ಬಿಡಿ. ಯುದ್ಧ ಅಂದ್ರೆ ಎರಡೂ ಕಡೆಯೋರು ಮಾಡೋದೇ."

ನನಗೆ ತಲೆ ಕೆಟ್ಟಿತು. ಅವರ ಫೋಟೋವನ್ನು ಅವರ ಮುಂದೆ ಹಿಡಿದೆ.

"ನಿಮ್ಮಪ್ಪ ಅಮ್ಮ ಈ ಸೋಫಾದ್ ಮೇಲೆ ಯಾವತ್ ಕೂತಿದ್ರು ಸಾರ್?"

"ಅಯ್ಯೋ, ಕೂತಿರ್ಲಿಲ್ಲ. ನೀವೇ ಅಲ್ವಾ ಕೂರ್ಸಿದ್ದು?"

"ಮತ್ತೆ? ನಿಮ್ಮ ಮಕ್ಕಳು ಇದನ್ನ ನೋಡಿ ಏನಂತಾರೆ? ಅಜ್ಜ ಅಜ್ಜಿ ಎಷ್ಟ್ ಚೆನ್ನಾಗಿದ್ರು, ಒಟ್ಟಿಗೇ ಕೂತ್ಕೊತಿದ್ರು ಅಂತಾರೆ. ಅಲ್ವಾ?"

ಅವರ ಅಪ್ಪ ಅಮ್ಮ ಬಹಳ ವರ್ಷ ಬೇರೆ ಬೇರೆ ಊರಿನಲ್ಲಿ ಮಾತು ಬಿಟ್ಟು ಬದುಕಿದವರು, ಅದು ನನಗೆ ಗೊತ್ತಿತ್ತು, ಅವರೇ ಹೇಳಿದ್ದರು. ಅವರ ಮುಖ ಕೆಂಪಾಯಿತು. "ಸಾರಿ ಮೇಡಂ, ನಾನ್ ಹಾಗ್ ಹೇಳ್ಬಾರ್ದಿತ್ತು" ಎಂದು ಚಕ್ಕುಲಿಯ ಪೊಟ್ಟಣ ಇಟ್ಟು ಹೋದರು. ಅವರು ಹೋದ ಮೇಲೆ ನನಗೆ ಇನ್ನೂ ಸಂಕಟವಾಯಿತು. ಯಾವ ಕೇಡಿಗನೂ ಅವರ ಕಿವಿಯಲ್ಲಿ ವಿಷ ಹಾಕಿರಲಿಲ್ಲ. ಒಳ್ಳೆಯ ಮನುಷ್ಯ, ಫೋಟೋ ನೋಡಿದರು, ನಂಬಿದರು. ನಲವತ್ತು ವರ್ಷದ ಹಿಂದೆ ಬೇರೊಂದು ಖಂಡದಲ್ಲಿ ಹೂಡಿದ ಮೋಸ ಓಕ್ಲ್ಯಾಂಡಿನ ನನ್ನ ಮೇಜಿನ ಮೇಲೆ, ನನ್ನ ಕಣ್ಣೆದುರೇ, ಹೊಚ್ಚಹೊಸದಾಗಿ ಕೆಲಸ ಮಾಡಿತ್ತು.

"ಏನೆಂದ?" ಎಂದು ಮುದುಕಿ ಕೇಳಿದರು. ನಾವು ಕನ್ನಡದಲ್ಲಿ ಮಾತಾಡಿದ್ದೆವು.

"ಮುದ್ದಾಗಿದ್ದಾಳೆ ಎಂದರು."

"ಆಮೇಲೆ?"

ನಾನು ಚಕ್ಕುಲಿಯ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದೆ. ಅವರು ತಲೆಯಾಡಿಸಿದರು. "ಎಲ್ಲರೂ ಅದನ್ನೇ ಹೇಳುತ್ತಾರೆ. ನಾನು ಬಾಯಲ್ಲಿ ಎಷ್ಟು ಹೇಳಿದರೂ ಕೊನೆಗೆ ಅವಳ ಮುಖ ನೋಡುತ್ತಾರೆ. ಅವಳನ್ನೇ ನಂಬುತ್ತಾರೆ."

ಮೂರನೆಯ ಸಲ ನಾನು ಬೇರೇನನ್ನೂ ಮುಟ್ಟಲಿಲ್ಲ. ತುಟಿ ಸೇರಿಸಿದೆ, ಮತ್ತು ಕಣ್ಣಿನೊಳಗಿದ್ದ ಬೆಳಕಿನ ಚುಕ್ಕೆಗಳೆರಡನ್ನೂ ಕಪ್ಪು ಮಾಡಿದೆ. ಅಪ್ಪ ಕೊನೆಗೆ ಇಡುತ್ತಿದ್ದದ್ದನ್ನು ನಾನು ತೆಗೆದೆ. ಬ್ರಷ್ಷಿನ ತುದಿಯಲ್ಲಿ ಎರಡು ಸಲ ಮುಟ್ಟಿದ್ದಷ್ಟೆ. ನಗು ಸಂಪೂರ್ಣ ಹೋಯಿತು. ಬ್ರಷ್ಷನ್ನು ಕೆಳಗಿಟ್ಟೆ. ನಾನು ಚಿಕ್ಕಂದಿನಿಂದ ಹೆಣಗಳ ಫೋಟೋ ನೋಡಿದವಳು, ಅಂಥ ಮುಖ ನನಗೆ ಚೆನ್ನಾಗಿ ಗೊತ್ತು.

ಅವರು ಅದನ್ನು ಬಹಳ ಹೊತ್ತು ನೋಡಿದರು. "ಹೂಂ. ಇದು ನಿಜ" ಎಂದರು. ಆಮೇಲೆ ಅಂಗೈಯಿಂದ ಫೋಟೋದ ಕಣ್ಣು ಮುಚ್ಚಿದರು. "ಇದನ್ನು ನಾನು ನೋಡಿರಲಿಲ್ಲ. ನೋಡದೆ ಇದ್ದದ್ದೇ ಒಂದು ಪುಣ್ಯವಾಗಿತ್ತು."

ನಾನು ಮೂಲ ಫೋಟೋವನ್ನು ಎತ್ತಿಕೊಂಡೆ. ಅಷ್ಟು ದಿನ ಭೂತಗಾಜಿನ ಕೆಳಗೆ ಅದನ್ನೇ ನೋಡಿದವಳಿಗೆ ಒಂದು ವಿಷಯ ಕಾಡುತ್ತಿತ್ತು. ಹುಡುಗಿಯ ಪಾಪೆಗಳು ನಟ್ಟನಡುವೆ ಇರಲಿಲ್ಲ. ಕ್ಯಾಮೆರಾ ನೋಡುವವರ ಕಣ್ಣು ಹಾಗಿರುವುದಿಲ್ಲ.

"ಇವಳು ಕ್ಯಾಮೆರಾ ನೋಡುತ್ತಿಲ್ಲ" ಎಂದೆ. "ಪಕ್ಕದಲ್ಲಿ ಯಾರನ್ನೋ ನೋಡುತ್ತಿದ್ದಾಳೆ. ಯಾರನ್ನು?"

"ನನ್ನನ್ನು."

ಅವರು ಸ್ಟೂಲಿನಿಂದ ಎದ್ದು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೇಳಿದರು. "ಬ್ರೆಡ್ಡು ಕೊಟ್ಟರೂ ಅವಳು ನಗಲಿಲ್ಲ. ತಿನ್ನುವುದರಲ್ಲೇ ಮುಳುಗಿದ್ದಳು, ಹಸಿದಿದ್ದಳಲ್ಲ. ಕ್ಯಾಮೆರಾದವರಿಗೆ ಬೇಕಾದದ್ದು ನಗು. ಯಾರಾದರೂ ಇವಳ ಕಡೆಯವರು ಇದ್ದಾರಾ ಎಂದರು. ನಾನು ಕೈಯೆತ್ತಿದೆ. ನಗಿಸು ಎಂದರು. ಮನೆಯಲ್ಲಿ ಅವಳು ಅಳುವಾಗ ನಾನೊಂದು ಕೋತಿ ಮುಖ ಮಾಡುತ್ತಿದ್ದೆ. ಅದನ್ನು ಮಾಡಿದೆ. ಅವಳು ನಕ್ಕಳು. ಮನಸಾರೆ ನಕ್ಕಳು."

ನಾನು ಏನೋ ಹೇಳಲು ಹೋದೆ. ನೀವು ಹುಡುಗಿ, ಬಂದೂಕಿನ ಮುಂದಿದ್ದಿರಿ, ನಿಮ್ಮದೇನು ತಪ್ಪು ಎಂದೆಲ್ಲ. ಅದನ್ನು ಅವರು ಎಷ್ಟು ಜನರಿಂದ ಕೇಳಿರಬೇಕು.

"ನಗು ಸುಳ್ಳು ಎಂದಿದ್ದೆ ನಿನಗೆ" ಎಂದರು. "ಸುಳ್ಳಾಗಿದ್ದರೆ ನೀನು ಮೊದಲ ದಿನವೇ ತೆಗೆದಿರುತ್ತಿದ್ದೆ."

ಮಾಡಿದ ಪ್ರಿಂಟುಗಳನ್ನೆಲ್ಲ ಅವರ ಮುಂದೆಯೇ ಹರಿಯಲು ಹೇಳಿದರು. ಹರಿದೆ. ಮೂಲವನ್ನು ರಟ್ಟುಗಳ ನಡುವೆ ಇಟ್ಟುಕೊಂಡು ಹೋದರು. ಅದನ್ನು ಅವರು ಗೋಡೆಗೆ ಎಂದೂ ಹಾಕಲಿಲ್ಲ. ಆಮೇಲೆ ಒಂದೆರಡು ಸಲ ಅವರ ಮನೆಗೆ ಕಾಫಿಗೆ ಹೋಗಿದ್ದೆ, ಗೋಡೆಗಳು ಬರಿದಾಗಿದ್ದವು.

ಮರುವರ್ಷ ಬರ್ಕ್ಲಿಯಲ್ಲಿ ಆ ಸಿನಿಮಾದ ಉಳಿದ ತುಣುಕುಗಳನ್ನು ತೋರಿಸುತ್ತಾರೆಂದು ನನ್ನನ್ನೂ ಕರೆದರು. ಎಲ್ಲಿ ತೋರಿಸಿದರೂ ಅವರು ಹೋಗುತ್ತಿದ್ದರು. ಇಬ್ಬರೂ ರೈಲಿನಲ್ಲಿ ಹೋದೆವು. ಸಣ್ಣ ಹಾಲು, ಹೆಚ್ಚಿನವರು ವಿದ್ಯಾರ್ಥಿಗಳು. ತೋರಿಸುವ ಮೊದಲು ಒಬ್ಬರು ನಿಂತು ಇದೆಲ್ಲ ಮೋಸ, ಇವರೆಲ್ಲರನ್ನೂ ಕೊಂದರು, ನೀವು ನೋಡುವ ಯಾವುದನ್ನೂ ನಂಬಬೇಡಿ ಎಂದು ಬಿಡಿಸಿ ಹೇಳಿದರು. ಎಲ್ಲರೂ ಗಂಭೀರವಾಗಿ ಕೇಳಿದರು. ನನಗಂತೂ ಯಾರೂ ಹೇಳಬೇಕಾಗಿರಲಿಲ್ಲ. ಆ ಊರಿನ ಯಾವ ಗೋಡೆಗೆ ಬಣ್ಣ, ಯಾವ ಗೋಡೆಗೆ ಇಲ್ಲ ಎಂಬುದನ್ನು ಆ ಹಾಲಿನಲ್ಲಿ ಆ ಮುದುಕಿಯನ್ನು ಬಿಟ್ಟರೆ ನನ್ನಷ್ಟು ತಿಳಿದವರು ಇರಲಿಲ್ಲ.

ದೀಪ ಆರಿಸಿದರು. ಗಿಡಕ್ಕೆ ನೀರು ಹಾಕುವವರು, ಚೆಂಡಾಡುವವರು, ಹೆಣಿಗೆ ಹಾಕುವ ಹೆಂಗಸರು. ಆಮೇಲೆ ಮಕ್ಕಳ ಸಾಲು. ಬಿಳಿ ರಿಬ್ಬನ್ನಿನ ಹುಡುಗಿ. ನಾನು ಅವಳನ್ನು ಅಲುಗಾಡದ ಪಟದಲ್ಲಿ ಮಾತ್ರ ನೋಡಿದ್ದೆ. ಈಗ ಅವಳು ಬ್ರೆಡ್ಡು ಜಗಿಯುತ್ತಿದ್ದಳು, ಗಂಭೀರವಾಗಿ, ಕೆನ್ನೆ ಉಬ್ಬಿಸಿಕೊಂಡು. ಆಮೇಲೆ ತಲೆಯೆತ್ತಿ ಪಕ್ಕಕ್ಕೆ ನೋಡಿದಳು. ಕಣ್ಣು ಕಿರಿದಾಯಿತು, ಬಾಯಿ ಅರಳಿತು, ಬಿದ್ದ ಹಲ್ಲಿನ ಜಾಗ ಕಂಡಿತು. ಅಷ್ಟೇ, ಮುಂದಿನ ಮಗು ಬಂತು.

ನಾನು ಮುದುಕಿಯ ಕಡೆ ತಿರುಗಿದೆ. ಅವರು ಪರದೆ ನೋಡುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಎಷ್ಟು ಹೊತ್ತಿನಿಂದಲೋ.

"ನೀನೂ ನಕ್ಕೆ" ಎಂದರು.